ಎದುರು ದಿಕ್ಕಿಗೆ ಸಾಗುವ ಎರಡು ಎಳೆಗಳು

ಡಿ.ಎನ್.ಎ. ಎಂಬ ಪದ ಇಂದು ಮನೆಮನೆಗೂ ಪರಿಚಿತವಾಗಿದೆ. ಮಕ್ಕಳ ಪಠ್ಯಪುಸ್ತಕದಲ್ಲಿ, ರಕ್ತಪರೀಕ್ಷಾ ಕೇಂದ್ರದ ಫಲಕದಲ್ಲಿ, ವೃತ್ತಪತ್ರಿಕೆಯ ನ್ಯಾಯಾಲಯದ ಸುದ್ದಿಯ ಪಕ್ಕದಲ್ಲಿ, ಹುರಿಗೊಂಡ ಏಣಿಯಂತಹ ಅದರ ಚಿತ್ರವನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಆ ಚಿತ್ರದಲ್ಲಿ ಬಹುಮಟ್ಟಿಗೆ ಕಾಣಿಸದೆ ಉಳಿಯುವ ಒಂದು ಸಂಗತಿಯಿದೆ. ಏಣಿಯ ಎರಡು ಕಂಬಗಳು ನೋಡಲು ಒಂದೇ ಬಗೆಯಾಗಿದ್ದರೂ ಒಂದು ಮೇಲ್ಮುಖವಾಗಿಯೂ ಇನ್ನೊಂದು ಕೆಳಮುಖವಾಗಿಯೂ ಸಾಗುತ್ತವೆ. ಪಠ್ಯಪುಸ್ತಕದಲ್ಲಿ ಇದಕ್ಕೆ ದೊರೆಯುವುದು ಒಂದೇ ವಾಕ್ಯ: “ಎರಡು ಎಳೆಗಳು ಪ್ರತಿಸಮಾಂತರವಾಗಿವೆ.” ವಿದ್ಯಾರ್ಥಿಯು ಅದನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಒಂದು ಅಂಕ ಪಡೆದು, ಮರೆತುಬಿಡುತ್ತಾನೆ.

ಈ ಒಂದು ವಾಕ್ಯದ ಒಳಗೆ ಎಷ್ಟು ಅಡಗಿದೆಯೆಂಬುದನ್ನು ಓದುಗ ಬಂಧುಗಳ ಮುಂದಿಡುವುದೇ ನಮ್ಮ ಉದ್ದೇಶ. ಜೀವಕೋಶವು ತನ್ನ ಬರಹವನ್ನು ನಕಲು ಮಾಡುವ ರೀತಿ, ತಪ್ಪುಗಳನ್ನು ತಿದ್ದಿಕೊಳ್ಳುವ ಜಾಣ್ಮೆ, ವರ್ಣತಂತುವಿನ ತುದಿ ಸವೆಯುವ ಕಾರಣ, ತಾಯಿಯ ಒಡಲಿನಲ್ಲಿರುವ ಶಿಶುವನ್ನು ಒಂದು ಘೋರ ರೋಗದಿಂದ ಕಾಪಾಡುವ ಔಷಧದ ಗುಟ್ಟು, ಇವೆಲ್ಲವೂ ಎಳೆಗಳ ದಿಕ್ಕಿನಿಂದಲೇ ಹುಟ್ಟಿಬರುತ್ತವೆ. ದಿಕ್ಕನ್ನು ತಿಳಿದವರಿಗೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ.

ಎಳೆಗೆ ದಿಕ್ಕು ಬಂದುದು ಹೇಗೆ?

ದಾರದ ಒಂದು ತುಂಡಿಗೆ ದಿಕ್ಕಿಲ್ಲ. ಯಾವ ತುದಿಯಿಂದ ಹಿಡಿದರೂ ಅದು ಒಂದೇ. ಡಿ.ಎನ್.ಎ. ಎಳೆ ಹಾಗಲ್ಲ. ಅದು ಸಣ್ಣ ಸಣ್ಣ ಘಟಕಗಳು ಸಾಲಾಗಿ ಕೂಡಿ ಆದ ಸರಣಿ. ಪ್ರತಿಯೊಂದು ಘಟಕದಲ್ಲಿಯೂ ಮೂರು ಭಾಗಗಳಿವೆ: ನಡುವೆ ಡಿಆಕ್ಸಿರೈಬೋಸ್ ಎಂಬ ಸಕ್ಕರೆ, ಅದರ ಒಂದು ಕಡೆ ಫಾಸ್ಫೇಟ್, ಮತ್ತೊಂದು ಕಡೆ ಅಕ್ಷರದಂತೆ ನಿಲ್ಲುವ ಒಂದು ಪ್ರತ್ಯಾಮ್ಲ. ಅಡೆನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್ ಎಂಬ ನಾಲ್ಕು ಪ್ರತ್ಯಾಮ್ಲಗಳನ್ನು ಚಿಕ್ಕದಾಗಿ ಎ, ಟಿ, ಜಿ, ಸಿ ಎಂದು ಕರೆಯುವುದು ರೂಢಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ ಕೂಡುವುದು ನಿಯಮ.

ಸಕ್ಕರೆಯಲ್ಲಿ ಐದು ಇಂಗಾಲದ ಪರಮಾಣುಗಳಿವೆ. ರಸಾಯನಶಾಸ್ತ್ರಜ್ಞರು ಅವುಗಳಿಗೆ ಒಂದರಿಂದ ಐದರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಫಾಸ್ಫೇಟ್ ಇರುವುದು ೫ನೆಯ ಇಂಗಾಲದ ಮೇಲೆ. ೩ನೆಯ ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಎಂಬ ಪುಟ್ಟ ಗುಂಪಿದೆ. ಒಂದು ಘಟಕದ ಫಾಸ್ಫೇಟ್ ತನ್ನ ಮುಂದಿನ ಘಟಕದ ೩ನೆಯ ಇಂಗಾಲಕ್ಕೆ ಅಂಟಿಕೊಳ್ಳುತ್ತದೆ.

ಇದನ್ನು ಅರಿಯಲು ಮಕ್ಕಳ ರೈಲಾಟವನ್ನು ನೆನೆದರೆ ಸಾಕು. ಮುಂದಿನವನ ಹೆಗಲ ಮೇಲೆ ಎರಡೂ ಕೈಗಳನ್ನಿಟ್ಟು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಕೈಯನ್ನು ಫಾಸ್ಫೇಟ್ ಎನ್ನೋಣ, ಹೆಗಲನ್ನು ಹೈಡ್ರಾಕ್ಸಿಲ್ ಎನ್ನೋಣ. ಸಾಲು ಎಷ್ಟೇ ಉದ್ದವಿರಲಿ, ಅದರ ಎರಡು ತುದಿಗಳು ಬೇರೆ ಬೇರೆಯಾಗಿರುತ್ತವೆ. ಎಲ್ಲರಿಗಿಂತ ಮುಂದೆ ನಿಂತ ಮಗುವಿನ ಕೈಗಳು ಬರಿದಾಗಿವೆ. ಎಲ್ಲರಿಗಿಂತ ಹಿಂದೆ ನಿಂತ ಮಗುವಿನ ಹೆಗಲು ಬರಿದಾಗಿದೆ. ಬರಿಯ ಕೈಯ ತುದಿಯೇ ೫ರ ತುದಿ. ಬರಿಯ ಹೆಗಲಿನ ತುದಿಯೇ ೩ರ ತುದಿ. ಎಳೆಯನ್ನು ೫ರಿಂದ ೩ರ ಕಡೆಗೆ ಓದುವುದು ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ.

ಓದುವ ದಿಕ್ಕು ಬದಲಾದರೆ ಅರ್ಥವೂ ಬದಲಾಗುತ್ತದೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ‘ರಸ’ವನ್ನು ಹಿಂದಿನಿಂದ ಓದಿದರೆ ‘ಸರ’. ‘ನವ’ವನ್ನು ಓದಿದರೆ ‘ವನ’. ಡಿ.ಎನ್.ಎ.ಯಲ್ಲಿಯೂ ಹೀಗೆಯೇ. ಒಂದು ಎಳೆಯಲ್ಲಿ ಎ-ಟಿ-ಜಿ ಎಂದಿದ್ದರೆ ಅದರ ಎದುರಿನ ಎಳೆಯಲ್ಲಿ ಕ್ರಮವಾಗಿ ಟಿ, ಎ, ಸಿ ಇರುತ್ತವೆ. ಆದರೆ ಎದುರಿನ ಎಳೆ ಎದುರು ದಿಕ್ಕಿಗೆ ಸಾಗುವುದರಿಂದ ಅದನ್ನು ಅದರದೇ ದಿಕ್ಕಿನಲ್ಲಿ ಸಿ-ಎ-ಟಿ ಎಂದು ಓದಬೇಕು. ಮೊದಲನೆಯದು ಮೆಥಿಯೊನೀನ್ ಎಂಬ ಅಮೈನೊ ಆಮ್ಲದ ಸಂಕೇತ. ಎರಡನೆಯದು ಹಿಸ್ಟಿಡೀನ್ ಎಂಬ ಬೇರೊಂದರ ಸಂಕೇತ. ಒಂದೇ ಜಾಗ, ಎರಡು ಬರಹ. ಶಾಸನಗಳ ಪರಿಚಯವುಳ್ಳವರಿಗೆ ಆಂಧ್ರದ ಎರ್ರಗುಡಿಯ ಅಶೋಕನ ಶಾಸನ ನೆನಪಾಗಬಹುದು. ಅಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಯಾವ ಸಾಲು ಯಾವ ಕಡೆಗೆಂದು ಅರಿಯದವನಿಗೆ ಅಕ್ಷರಗಳೆಲ್ಲ ತಿಳಿದಿದ್ದರೂ ಶಾಸನ ತಿಳಿಯುವುದಿಲ್ಲ.

ಒನಕೆಯೋ, ಲಟ್ಟಣಿಗೆಯೋ?

ಎಳೆಗಳು ಎದುರುಬದುರಾಗಿವೆಯೆಂಬುದು ಮೊದಲಿಗೆ ಹೊಳೆದುದು ಹೇಗೆ? ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿ ಡಿ.ಎನ್.ಎ. ನಾರುಗಳ ಮೇಲೆ ಕ್ಷ-ಕಿರಣ ಹಾಯಿಸಿ ಅಳತೆಗಳನ್ನು ಸಂಗ್ರಹಿಸುತ್ತಿದ್ದರು. ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಜೊತೆಗೂಡಿ ೧೯೫೨ರ ಮೇ ತಿಂಗಳಿನಲ್ಲಿ ತೆಗೆದ ೫೧ನೆಯ ಸಂಖ್ಯೆಯ ಚಿತ್ರ ಇಂದು ಲೋಕಪ್ರಸಿದ್ಧ. ಆದರೆ ದಿಕ್ಕಿನ ಗುಟ್ಟು ಅಡಗಿದ್ದುದು ಆ ಚಿತ್ರಕ್ಕಿಂತ ಹೆಚ್ಚಾಗಿ, ೧೯೫೨ರ ಕೊನೆಯಲ್ಲಿ ಅವರ ಪ್ರಯೋಗಾಲಯದಿಂದ ಹೋದ ಒಂದು ವರದಿಯ ಅಳತೆಗಳಲ್ಲಿ. ಸ್ಫಟಿಕರೂಪದ ಡಿ.ಎನ್.ಎ.ಯ ಸಮ್ಮಿತಿ ಯಾವ ಬಗೆಯದೆಂದು ಅದರಲ್ಲಿ ದಾಖಲಾಗಿತ್ತು.

ಕೇಂಬ್ರಿಜ್‌ನಲ್ಲಿದ್ದ ಫ್ರಾನ್ಸಿಸ್ ಕ್ರಿಕ್ ಆ ವರದಿಯನ್ನು ೧೯೫೩ರ ಆರಂಭದಲ್ಲಿ ಕಂಡರು. ತಾವು ಅಭ್ಯಾಸ ಮಾಡುತ್ತಿದ್ದ ಹಿಮೋಗ್ಲೋಬಿನ್ ಸ್ಫಟಿಕದಲ್ಲಿಯೂ ಇದೇ ಸಮ್ಮಿತಿ ಇದ್ದುದರಿಂದ ಅದರ ಅರ್ಥ ಅವರಿಗೆ ಕೂಡಲೇ ಹೊಳೆಯಿತು. ಆ ಅರ್ಥವನ್ನು ಅಡುಗೆಮನೆಯ ಎರಡು ವಸ್ತುಗಳಿಂದ ತಿಳಿಯಬಹುದು. ಒನಕೆಯ ಒಂದು ತುದಿಗೆ ಕಬ್ಬಿಣದ ಬಳೆ ಇರುತ್ತದೆ. ತಿರುಗಿಸಿ ಹಿಡಿದರೆ ತಲೆಕೆಳಗಾದುದು ಯಾರಿಗಾದರೂ ಗೊತ್ತಾಗುತ್ತದೆ. ಲಟ್ಟಣಿಗೆಯನ್ನು ತುದಿಗೆ ತುದಿ ತಿರುಗಿಸಿ ಹಿಡಿದರೆ ಏನೂ ಬದಲಾದಂತೆ ತೋರುವುದಿಲ್ಲ. ಎರಡೂ ಎಳೆಗಳು ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಡಿ.ಎನ್.ಎ. ಒನಕೆಯಂತಿರುತ್ತಿತ್ತು. ಫ್ರಾಂಕ್ಲಿನ್ ಅವರ ಅಳತೆ ಹೇಳುತ್ತಿದ್ದುದು ಅದು ಲಟ್ಟಣಿಗೆಯಂತಿದೆ ಎಂದು. ದಿಕ್ಕುಳ್ಳ ಎರಡು ಎಳೆಗಳಿಂದ ಲಟ್ಟಣಿಗೆಯಾಗಬೇಕಾದರೆ ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಗಲೇಬೇಕು.

ಜೇಮ್ಸ್ ವಾಟ್ಸನ್ ಮತ್ತು ಕ್ರಿಕ್ ಅವರ ಜೋಡಿ ಸುರುಳಿಯ ಮಾದರಿ ೧೯೫೩ರ ಏಪ್ರಿಲ್ ೨೫ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಸಂಚಿಕೆಯಲ್ಲಿ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರ ಲೇಖನವೂ, ಮಾರಿಸ್ ವಿಲ್ಕಿನ್ಸ್ ಮತ್ತು ಸಂಗಡಿಗರ ಲೇಖನವೂ ಇದ್ದವು. ಸುರುಳಿಯ ಅಗಲ ಸುಮಾರು ೨ ನ್ಯಾನೊಮೀಟರ್. ಒಂದು ಅಕ್ಷರಜೋಡಿಯಿಂದ ಮುಂದಿನದಕ್ಕೆ ೦.೩೪ ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ೧೯೬೨ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ ನೊಬೆಲ್ ಪಾರಿತೋಷಕ ಬಂದಿತು. ಫ್ರಾಂಕ್ಲಿನ್ ೧೯೫೮ರಲ್ಲಿಯೇ, ತಮ್ಮ ೩೭ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಎಳೆಗಳ ದಿಕ್ಕಿನ ಮಾತು ಬಂದಾಗಲೆಲ್ಲ ಆ ತಾಯಿಯ ಹೆಸರನ್ನು ಮೊದಲು ಸ್ಮರಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.

ಎಣಿಕೆಯ ಸಾಕ್ಷಿ, ಸ್ಫಟಿಕದ ಸಾಕ್ಷಿ

ಮಾದರಿ ಎಷ್ಟೇ ಸುಂದರವಾಗಿರಲಿ, ಅದು ಊಹೆಯೇ. ಪ್ರಮಾಣ ಬೇಕು. ೧೯೬೧ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಮತ್ತು ಸಹೋದ್ಯೋಗಿಗಳು ಒಂದು ಚತುರ ಎಣಿಕೆಯನ್ನು ಮುಂದಿಟ್ಟರು. ಡಿ.ಎನ್.ಎ.ಯಲ್ಲಿ ಸಿ ಅಕ್ಷರದ ಮುಂದೆ ಎ ಎಷ್ಟು ಸಲ ಬರುತ್ತದೆಂದು ಅಳೆಯಬಹುದು. ಹಾಗೆ ಬಂದ ಕಡೆಗಳಲ್ಲೆಲ್ಲ ಎದುರಿನ ಎಳೆಯಲ್ಲಿ ಜಿ ಮತ್ತು ಟಿ ಇರಲೇಬೇಕು. ಎಳೆಗಳು ಒಂದೇ ದಿಕ್ಕಿಗಿದ್ದರೆ ಅವುಗಳನ್ನು ಜಿ-ಟಿ ಎಂದು ಓದಬೇಕು. ಎದುರು ದಿಕ್ಕಿಗಿದ್ದರೆ ಟಿ-ಜಿ ಎಂದು ಓದಬೇಕು. ಆದುದರಿಂದ ಸಿ-ಎ ಜೋಡಿಯ ಪ್ರಮಾಣ ಯಾವುದಕ್ಕೆ ಸಮನಾಗುತ್ತದೆಂದು ನೋಡಿದರೆ ಸಾಕು, ದಿಕ್ಕು ತಿಳಿಯುತ್ತದೆ. ಅದು ಟಿ-ಜಿ ಪ್ರಮಾಣಕ್ಕೆ ಸಮನಾಯಿತು. ಕಣ್ಣಿಗೆ ಕಾಣದ ಎಳೆಗಳ ದಿಕ್ಕನ್ನು ಬರಿಯ ಲೆಕ್ಕದಿಂದ ಕಂಡುಕೊಂಡ ಈ ಪ್ರಯೋಗ ಬುದ್ಧಿಯ ಒಂದು ಹಬ್ಬವೇ ಸರಿ.

ಪರಮಾಣುಗಳ ಮಟ್ಟದಲ್ಲಿ ಕಾಣುವ ಪ್ರಮಾಣಕ್ಕೆ ಮತ್ತೂ ಕಾಯಬೇಕಾಯಿತು. ಇಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಬರುತ್ತದೆಂಬುದು ಸಂತೋಷದ ವಿಷಯ. ಆ ಸಂಸ್ಥೆಯ ಎಂ. ಎ. ವಿಶ್ವಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮೊದಲಾದವರೊಂದಿಗೆ ಸೇರಿ, ಎ-ಟಿ-ಎ-ಟಿ ಎಂಬ ನಾಲ್ಕೇ ಅಕ್ಷರಗಳ ಡಿ.ಎನ್.ಎ. ತುಣುಕಿನ ಸ್ಫಟಿಕರಚನೆಯನ್ನು ೧೯೭೮ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. ಪುಟ್ಟ ತುಣುಕೇ ಆದರೂ ಅದರಲ್ಲಿ ಎ ಮತ್ತು ಟಿ ಜೋಡಿಯಾಗಿರುವುದೂ, ಎಳೆಗಳು ಎದುರುಬದುರಾಗಿರುವುದೂ, ಸುರುಳಿ ಬಲಮುರಿಯಾಗಿರುವುದೂ ಕಂಡುಬಂದವು. ಅದೇ ದಶಕದಲ್ಲಿ ಅದೇ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಸಂಗಡಿಗರು, ಎಳೆಗಳು ಒಂದನ್ನೊಂದು ಪೂರ್ತಿಯಾಗಿ ಸುತ್ತಿಕೊಳ್ಳದೆ ಅಕ್ಕಪಕ್ಕದಲ್ಲಿ ಸಾಗುತ್ತಿರಬಹುದಲ್ಲವೇ ಎಂಬ ದಿಟ್ಟ ಪ್ರಶ್ನೆಯನ್ನೆತ್ತಿದ್ದರು. ಆ ಮಾದರಿಯಲ್ಲಿಯೂ ಎಳೆಗಳು ಎದುರು ದಿಕ್ಕಿನವೇ ಆಗಿದ್ದವು. ವಿವಾದವಿದ್ದುದು ಸುತ್ತಿನ ಬಗ್ಗೆ ಮಾತ್ರ. ೧೯೮೦ರಲ್ಲಿ ಅಮೆರಿಕದ ರಿಚರ್ಡ್ ಡಿಕರ್‌ಸನ್ ಅವರ ತಂಡ ಹನ್ನೆರಡು ಅಕ್ಷರಜೋಡಿಗಳ ಸ್ಫಟಿಕದಲ್ಲಿ ಬಲಮುರಿ ಸುರುಳಿಯ ಪೂರ್ಣ ಸುತ್ತನ್ನೇ ತೋರಿಸಿತು. ವಾಟ್ಸನ್ ಮತ್ತು ಕ್ರಿಕ್ ಅವರ ಮಾದರಿ ನಿಂತಿತು. ಒಪ್ಪಿತವಾದುದನ್ನೂ ಪ್ರಶ್ನಿಸಿ ನೋಡಿದ ಮೇಲೆ ಉಳಿದ ಸತ್ಯಕ್ಕೆ ಗಟ್ಟಿತನ ಹೆಚ್ಚು.

ಒಂದೇ ದಿಕ್ಕಿಗೆ ಬರೆಯುವ ಲಿಪಿಕಾರ

ಇನ್ನು ನಕಲಿನ ಮಾತು. ಜೀವಕೋಶವೊಂದು ಎರಡಾಗುವ ಮುನ್ನ ತನ್ನ ಡಿ.ಎನ್.ಎ.ಯನ್ನು ಪೂರ್ತಿಯಾಗಿ ನಕಲು ಮಾಡಬೇಕು. ಮನುಷ್ಯನ ಒಂದು ಜೀವಕೋಶದಲ್ಲಿ ತಾಯಿಯಿಂದ ಬಂದ ಸುಮಾರು ೩೨೦ ಕೋಟಿ, ತಂದೆಯಿಂದ ಬಂದ ಹೆಚ್ಚುಕಡಿಮೆ ಅಷ್ಟೇ ಅಕ್ಷರಜೋಡಿಗಳಿವೆ. ಬಿಡಿಸಿ ಹಿಡಿದರೆ ಸುಮಾರು ಎರಡು ಮೀಟರ್ ಉದ್ದ. ನಕಲು ಮಾಡುವ ಲಿಪಿಕಾರನ ಹೆಸರು ಡಿ.ಎನ್.ಎ. ಪಾಲಿಮರೇಸ್. ಈ ಕಿಣ್ವವನ್ನು ೧೯೫೬ರಲ್ಲಿ ಕಂಡುಹಿಡಿದವರು ಮೇಲೆ ಹೇಳಿದ ಕಾರ್ನ್‌ಬರ್ಗ್ ಅವರೇ. ಇಂದಿನವರೆಗೆ ತಿಳಿದುಬಂದಿರುವ ಎಲ್ಲ ಡಿ.ಎನ್.ಎ. ಪಾಲಿಮರೇಸ್‌ಗಳಿಗೂ ಒಂದು ಹಟವಿದೆ. ಅವು ಹೊಸ ಅಕ್ಷರವನ್ನು ೩ರ ತುದಿಗೆ ಮಾತ್ರ ಸೇರಿಸುತ್ತವೆ. ರೈಲಾಟದ ಮಾತಿನಲ್ಲಿ ಹೇಳುವುದಾದರೆ, ಹೊಸ ಮಗು ಯಾವಾಗಲೂ ಸಾಲಿನ ಹಿಂದೆಯೇ ಬಂದು, ಕೊನೆಯ ಮಗುವಿನ ಹೆಗಲ ಮೇಲೆ ಕೈಯಿಡಬೇಕು. ಮುಂದೆ ಬಂದು ನಿಲ್ಲುವಂತಿಲ್ಲ.

ಈ ಹಟ ಏಕೆ? ಇದರಲ್ಲಿ ಒಂದು ದೊಡ್ಡ ಪ್ರಯೋಜನವಿದೆ. ಕೂಡಿಕೊಳ್ಳಲು ಬೇಕಾದ ಶಕ್ತಿಯನ್ನು ಹೊಸದಾಗಿ ಬರುವ ಘಟಕವೇ ತನ್ನ ಕೈಯಲ್ಲಿ, ಎಂದರೆ ಮೂರು ಫಾಸ್ಫೇಟ್‌ಗಳ ರೂಪದಲ್ಲಿ, ಹೊತ್ತು ತರುತ್ತದೆ. ಲಿಪಿಕಾರ ತಪ್ಪು ಅಕ್ಷರವನ್ನು ಸೇರಿಸಿಬಿಟ್ಟನೆನ್ನಿ. ಅದನ್ನು ಕಿತ್ತೆಸೆದರೆ ಹಿಂದಿನ ಘಟಕದ ಹೆಗಲು ಮತ್ತೆ ತೆರವಾಗುತ್ತದೆ. ಮುಂದೆ ಬರುವ ಸರಿಯಾದ ಅಕ್ಷರ ತನ್ನ ಶಕ್ತಿಯನ್ನು ತಾನೇ ತಂದು ಕೂಡಿಕೊಳ್ಳುತ್ತದೆ. ಕೆಲಸ ನಿಲ್ಲುವುದಿಲ್ಲ. ಸಾಲು ಮುಂಭಾಗದಲ್ಲಿ ಬೆಳೆಯುವಂತಿದ್ದರೆ ಆ ಶಕ್ತಿ ಸಾಲಿನ ಮೊದಲನೆಯ ಮಗುವಿನ ಕೈಯಲ್ಲಿರಬೇಕಾಗಿತ್ತು. ಆ ಮಗುವೇ ತಪ್ಪಾಗಿದ್ದು ಅದನ್ನು ತೆಗೆದರೆ ಶಕ್ತಿಯೂ ಅದರೊಡನೆ ಹೋಗಿಬಿಡುತ್ತಿತ್ತು. ಬೆಳವಣಿಗೆ ಅಲ್ಲಿಗೇ ನಿಲ್ಲುತ್ತಿತ್ತು. ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿರುವ ದಿಕ್ಕನ್ನೇ ಜೀವ ಹಿಡಿದಿದೆ.

ಈ ತಿದ್ದುಪಡಿಯ ಬೆಲೆಯನ್ನು ಅಂಕಿಗಳಲ್ಲಿ ಕಾಣಬಹುದು. ಪಾಲಿಮರೇಸ್ ತಾನಾಗಿ ಸುಮಾರು ಒಂದು ಲಕ್ಷ ಅಕ್ಷರಗಳಿಗೆ ಒಂದು ತಪ್ಪು ಮಾಡುತ್ತದೆ. ಕೂಡಲೇ ಹಿಂದಿರುಗಿ ಅಳಿಸಿ ತಿದ್ದುವುದರಿಂದ ಅದು ಸುಮಾರು ಕೋಟಿಗೆ ಒಂದಾಗುತ್ತದೆ. ನಂತರ ಬೇರೆ ಪರಿಶೀಲಕ ಕಿಣ್ವಗಳು ಬಂದು ತಿದ್ದಿದ ಮೇಲೆ ನೂರು ಕೋಟಿಗೆ ಒಂದರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಉಳಿಯುತ್ತದೆ. ಅಳಿಸುವ ಈ ಶಕ್ತಿಯೇ ಹುಟ್ಟಿನಿಂದ ಕುಂದಿದ ಕುಟುಂಬಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೆಂದು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಒಂದು ಕಿಣ್ವದ ಅಳಿಸುವ ಗುಣ ಕೆಟ್ಟರೆ ಒಂದು ಮನೆತನವೇ ನೋಯುತ್ತದೆ.

ಒಕಜಾಕಿ ದಂಪತಿಗಳು

ಈಗ ಒಂದು ಒಗಟು ಎದುರಾಗುತ್ತದೆ. ನಕಲಿನ ಸಮಯದಲ್ಲಿ ಜೋಡಿ ಸುರುಳಿಯು ಒಂದು ಕಡೆಯಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಿಚ್ಚಿದ ಎರಡೂ ಎಳೆಗಳ ಎದುರಿಗೆ ಹೊಸ ಎಳೆಗಳು ಬೆಳೆಯಬೇಕು. ಹಳೆಯ ಎಳೆಗಳು ಎದುರುಬದುರಾಗಿರುವುದರಿಂದ, ಒಂದು ಹೊಸ ಎಳೆ ಬಿಚ್ಚಿಕೊಳ್ಳುವ ಕಡೆಗೇ ಬೆಳೆಯಬಲ್ಲುದು. ಇನ್ನೊಂದು ಅದಕ್ಕೆ ವಿರುದ್ಧವಾಗಿ ಬೆಳೆಯಬೇಕಾಗುತ್ತದೆ. ಲಿಪಿಕಾರನೋ ಒಂದೇ ದಿಕ್ಕಿಗೆ ಬರೆಯುವವನು. ಹಾಗಿದ್ದರೆ ಎರಡನೆಯ ಎಳೆ ಆಗುವುದು ಹೇಗೆ?

ಇದನ್ನು ಬಿಡಿಸಿದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಒಕಜಾಕಿ ಮತ್ತು ಅವರ ಪತ್ನಿ ತ್ಸುನೆಕೊ ಒಕಜಾಕಿ. ಬ್ಯಾಕ್ಟೀರಿಯಾಗಳಿಗೆ ಕೆಲವೇ ಸೆಕೆಂಡುಗಳ ಕಾಲ ವಿಕಿರಣದ ಗುರುತುಳ್ಳ ಥೈಮಿಡೀನ್ ಕೊಟ್ಟು, ಆ ಕ್ಷಣದಲ್ಲಿ ಹುಟ್ಟಿದ ಡಿ.ಎನ್.ಎ. ಎಷ್ಟು ಉದ್ದವಿದೆಯೆಂದು ಅವರು ಅಳೆದರು. ಹೊಸ ಡಿ.ಎನ್.ಎ. ಮೊದಲಿಗೆ ಒಂದೆರಡು ಸಾವಿರ ಅಕ್ಷರಗಳ ತುಣುಕುಗಳಾಗಿ ಹುಟ್ಟಿ, ಆಮೇಲೆ ಒಂದಕ್ಕೊಂದು ಬೆಸೆದುಕೊಳ್ಳುತ್ತದೆಂದು ೧೯೬೮ರಲ್ಲಿ ಅವರು ಪ್ರಕಟಿಸಿದರು. ಅವುಗಳಿಗೆ ಇಂದು ಒಕಜಾಕಿ ತುಣುಕುಗಳೆಂದೇ ಹೆಸರು. ಮನುಷ್ಯನ ಜೀವಕೋಶದಲ್ಲಿ ಅವು ಇನ್ನೂ ಚಿಕ್ಕವು, ನೂರು ಇನ್ನೂರು ಅಕ್ಷರಗಳಷ್ಟು.

ಕೈಹೊಲಿಗೆ ಬಲ್ಲ ತಾಯಂದಿರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಗಟ್ಟಿಯಾದ ಹೊಲಿಗೆ ಬೇಕಾದಾಗ ಸೂಜಿಯನ್ನು ಮುಂದಿನ ಜಾಗದಲ್ಲಿ ಹೊರತೆಗೆದು ಹಿಂದಕ್ಕೆ ತಂದು ಚುಚ್ಚುತ್ತಾರೆ; ಪುನಃ ಮುಂದೆ ತೆಗೆದು ಹಿಂದಕ್ಕೆ ಹಾಕುತ್ತಾರೆ. ಪ್ರತಿಯೊಂದು ಹೊಲಿಗೆಯೂ ಹಿಮ್ಮುಖ, ಆದರೆ ಒಟ್ಟು ಸಾಲು ಮುಂದಕ್ಕೇ ಸಾಗುತ್ತದೆ. ಎರಡನೆಯ ಎಳೆ ಬೆಳೆಯುವುದೂ ಹೀಗೆ. ಹೊಸದಾಗಿ ತೆರೆದ ಜಾಗದಲ್ಲಿ ಆರಂಭಿಸಿ, ಹಿಂದಿನ ತುಣುಕು ಸಿಗುವವರೆಗೆ ಬರೆದು, ಮತ್ತೆ ಮುಂದಕ್ಕೆ ಹೋಗಿ ಆರಂಭಿಸುವುದು. ಪ್ರತಿಯೊಂದು ಆರಂಭಕ್ಕೂ ಆರ್.ಎನ್.ಎ.ಯ ಒಂದು ಚಿಕ್ಕ ಮುನ್ನುಡಿ ಬೇಕು. ಅದನ್ನು ಬಳಿಕ ತೆಗೆದು ಆ ಜಾಗವನ್ನು ಡಿ.ಎನ್.ಎ.ಯಿಂದ ತುಂಬಿ, ಲಿಗೇಸ್ ಎಂಬ ಕಿಣ್ವ ಬೆಸೆದುಬಿಡುತ್ತದೆ.

ರೇಜಿ ಒಕಜಾಕಿ ಹುಟ್ಟಿದ್ದು ೧೯೩೦ರಲ್ಲಿ, ಹಿರೋಶಿಮಾದಲ್ಲಿ. ೧೯೪೫ರ ಪರಮಾಣು ಬಾಂಬಿನ ವಿಕಿರಣಕ್ಕೆ ಹದಿಹರೆಯದಲ್ಲಿ ಗುರಿಯಾದ ಅವರು ೧೯೭೫ರಲ್ಲಿ, ೪೪ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಡಿ.ಎನ್.ಎ. ಹೇಗೆ ತನ್ನನ್ನು ತಾನು ಸರಿಯಾಗಿ ಬರೆದುಕೊಳ್ಳುತ್ತದೆಂದು ಲೋಕಕ್ಕೆ ತೋರಿಸಿದವರ ದೇಹದಲ್ಲಿಯೇ ಆ ಬರಹ ಕೆಟ್ಟಿತ್ತು. ಪತಿಯನ್ನು ಕಳೆದುಕೊಂಡ ತ್ಸುನೆಕೊ ಅವರು ಪ್ರಯೋಗಾಲಯವನ್ನು ಮುಚ್ಚಲಿಲ್ಲ. ತುಣುಕುಗಳ ಆರಂಭದಲ್ಲಿರುವ ಆರ್.ಎನ್.ಎ. ಮುನ್ನುಡಿಯ ಸ್ವರೂಪವನ್ನು ಸಿದ್ಧಪಡಿಸಿ ತೋರಿಸುವವರೆಗೆ ಕೆಲಸವನ್ನು ಮುಂದುವರಿಸಿದರು. ೨೦೨೧ರಲ್ಲಿ ಜಪಾನ್ ಸರ್ಕಾರ ಅವರಿಗೆ ಸಂಸ್ಕೃತಿ ಪದಕವನ್ನಿತ್ತು ಗೌರವಿಸಿತು.

ಹೆಗಲಿಲ್ಲದ ಮಗು

ಸಾಲು ಬೆಳೆಯುವುದು ಹೆಗಲಿನ ಕಡೆಗೆ ಮಾತ್ರ ಎಂದಾದರೆ, ಹೆಗಲೇ ಇಲ್ಲದ ಒಂದು ಘಟಕವನ್ನು ಮೋಸದಿಂದ ಸೇರಿಸಿದರೆ ಏನಾಗುತ್ತದೆ? ಅದು ಮುಂದಿನದನ್ನು ಕೈಯಿಂದ ಹಿಡಿದುಕೊಳ್ಳುತ್ತದೆ. ಹಿಂದಿನವರಿಗೆ ಹಿಡಿಯಲು ತನ್ನಲ್ಲಿ ಏನೂ ಇಲ್ಲ. ಸಾಲು ಅಲ್ಲಿಗೆ ಮುಗಿಯಿತು. ೧೯೭೭ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಇದೇ ಉಪಾಯದಿಂದ ಡಿ.ಎನ್.ಎ.ಯನ್ನು ಅಕ್ಷರ ಅಕ್ಷರವಾಗಿ ಓದುವ ವಿಧಾನವನ್ನು ಕಂಡುಹಿಡಿದರು. ೨೦೦೩ರಲ್ಲಿ ಮುಕ್ತಾಯವಾದ ಮಾನವ ಜೀನೋಮ್ ಯೋಜನೆ ಆ ವಿಧಾನದ ಮೇಲೆಯೇ ನಿಂತಿತು.

ಅದೇ ಉಪಾಯ ಔಷಧವೂ ಆಯಿತು. ಏಡ್ಸ್ ರೋಗದ ಎಚ್.ಐ.ವಿ. ವೈರಸ್ ತನ್ನ ಆರ್.ಎನ್.ಎ. ಬರಹವನ್ನು ಡಿ.ಎನ್.ಎ.ಯಾಗಿ ಬರೆದು ನಮ್ಮ ವರ್ಣತಂತುಗಳೊಳಗೆ ಸೇರಿಸಿಬಿಡುತ್ತದೆ. ಬರೆಯುವ ಅದರ ಕಿಣ್ವವೂ ೩ರ ತುದಿಗೇ ಅಕ್ಷರ ಸೇರಿಸುವಂತಹುದು. ೧೯೬೪ರಲ್ಲಿ ಅಮೆರಿಕದ ಜೆರೋಮ್ ಹಾರ್ವಿಟ್ಜ್ ಕ್ಯಾನ್ಸರಿಗೆಂದು ತಯಾರಿಸಿ, ಫಲ ಕಾಣದೆ ಬದಿಗಿಟ್ಟಿದ್ದ ಜಿಡೊವುಡಿನ್ ಎಂಬ ರಾಸಾಯನಿಕದಲ್ಲಿ ೩ನೆಯ ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಇಲ್ಲ. ಅಲ್ಲಿ ಸಾರಜನಕದ ಗುಂಪೊಂದು ಕುಳಿತಿದೆ. ಟಿ ಅಕ್ಷರವೆಂದು ಭ್ರಮಿಸಿ ವೈರಸ್ ಅದನ್ನು ಸೇರಿಸಿಕೊಂಡರೆ ಅದರ ಬರಹ ಅರ್ಧಕ್ಕೇ ನಿಲ್ಲುತ್ತದೆ. ೧೯೮೭ರಲ್ಲಿ ಅದು ಏಡ್ಸ್ ರೋಗದ ಮೊದಲ ಔಷಧವಾಗಿ ಮಾನ್ಯವಾಯಿತು.

ಕುಟುಂಬದ ಓದುಗರು ವಿಶೇಷವಾಗಿ ಗಮನಿಸಬೇಕಾದುದು ೧೯೯೪ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಫಲಿತಾಂಶ. ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ನಡೆದ ಆ ಪರೀಕ್ಷೆಯಲ್ಲಿ, ಔಷಧ ಪಡೆಯದ ಸೋಂಕಿತ ತಾಯಂದಿರ ಶಿಶುಗಳಲ್ಲಿ ಶೇಕಡ ೨೫.೫ರಷ್ಟು ಮಂದಿಗೆ ಸೋಂಕು ತಗುಲಿತು. ಗರ್ಭಿಣಿಯಾಗಿರುವಾಗಲೂ ಹೆರಿಗೆಯಲ್ಲಿಯೂ ತಾಯಿಗೆ, ಹುಟ್ಟಿದ ಮೇಲೆ ಶಿಶುವಿಗೆ ಜಿಡೊವುಡಿನ್ ಕೊಟ್ಟಾಗ ಅದು ಶೇಕಡ ೮.೩ಕ್ಕೆ ಇಳಿಯಿತು. ಇಂದು ಹೆಚ್ಚಾಗಿ ಬಳಸುವ ಟೆನೋಫೊವಿರ್, ಲಾಮಿವುಡಿನ್ ಔಷಧಗಳೂ ಇದೇ ಜಾತಿಯ ‘ಹೆಗಲಿಲ್ಲದ ಮಕ್ಕಳು’. ಹಲವು ಔಷಧಗಳನ್ನು ಸೇರಿಸಿ ನಿಯಮವಾಗಿ ಕೊಡುವ ಇಂದಿನ ಕ್ರಮದಲ್ಲಿ ತಾಯಿಯಿಂದ ಶಿಶುವಿಗೆ ಸೋಂಕು ಹೋಗುವ ಸಂಭವ ಇನ್ನೂ ಬಹಳ ಕಡಿಮೆಯಾಗಿದೆ. ಆದುದರಿಂದ ಗರ್ಭಿಣಿಯರಿಗೆ ವೈದ್ಯರು ಈ ಪರೀಕ್ಷೆ ಮಾಡಿಸಿರೆಂದಾಗ ಮನೆಯ ಹಿರಿಯರು ಸಂಕೋಚದಿಂದ ಬೇಡವೆನ್ನಬಾರದು. ಪರೀಕ್ಷೆ ಅವಮಾನವಲ್ಲ, ಮಗುವಿಗೆ ರಕ್ಷೆ.

ತುದಿಯ ಸವೆತ

ಎದುರು ದಿಕ್ಕಿನ ಏರ್ಪಾಟಿಗೆ ಜೀವ ತೆರುವ ಒಂದು ಬೆಲೆಯೂ ಇದೆ. ಹಿಮ್ಮುಖ ಹೊಲಿಗೆಯಲ್ಲಿ ಬೆಳೆಯುವ ಎಳೆಯು ವರ್ಣತಂತುವಿನ ತುದಿಗೆ ಬಂದಾಗ ಕೊನೆಯ ಮುನ್ನುಡಿಯನ್ನು ತೆಗೆದ ಜಾಗವನ್ನು ತುಂಬುವವರಿಲ್ಲ. ಏಕೆಂದರೆ ಅದರಿಂದಾಚೆಗೆ ಆರಂಭಿಸಲು ಜಾಗವೇ ಇಲ್ಲ. ಹೀಗಾಗಿ ಪ್ರತಿಯೊಂದು ನಕಲಿನಲ್ಲಿಯೂ ತುದಿ ಸ್ವಲ್ಪ ಸವೆಯುತ್ತದೆ. ಇದನ್ನು ೧೯೭೧ರಲ್ಲಿ ರಷ್ಯದ ಅಲೆಕ್ಸಿ ಒಲೊವ್ನಿಕೊವ್, ೧೯೭೨ರಲ್ಲಿ ವಾಟ್ಸನ್ ಬೇರೆ ಬೇರೆಯಾಗಿ ಎತ್ತಿ ತೋರಿಸಿದರು. ನಮ್ಮ ವರ್ಣತಂತುಗಳ ತುದಿಯಲ್ಲಿ ಟಿ-ಟಿ-ಎ-ಜಿ-ಜಿ-ಜಿ ಎಂಬ ಆರಕ್ಷರಗಳು ಸಾವಿರಾರು ಅಕ್ಷರಗಳ ಉದ್ದಕ್ಕೆ ಮರುಕಳಿಸುತ್ತವೆ. ಟೆಲೊಮಿಯರ್ ಎಂಬ ಈ ಭಾಗ ಸೀರೆಯ ಅಂಚಿಗೆ ಹಾಕಿದ ಮಡಿಕೆಹೊಲಿಗೆಯಂತೆ ಒಳಗಿನ ಬರಹವನ್ನು ಕಾಯುತ್ತದೆ. ಸವೆದುದನ್ನು ತುಂಬುವ ಟೆಲೊಮರೇಸ್ ಕಿಣ್ವವನ್ನು ೧೯೮೪ರ ಕೊನೆಯಲ್ಲಿ ಕಂಡವರು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ವಿದ್ಯಾರ್ಥಿನಿ ಕೆರೋಲ್ ಗ್ರೈಡರ್. ಈ ಇಬ್ಬರಿಗೆ ಜ್ಯಾಕ್ ಸೊಸ್ಟಾಕ್ ಅವರೊಂದಿಗೆ ೨೦೦೯ರ ನೊಬೆಲ್ ಪಾರಿತೋಷಕ ದೊರೆಯಿತು.

ಸಂತಾನಕ್ಕೆ ಕಾರಣವಾಗುವ ಜೀವಕೋಶಗಳಲ್ಲಿ ಈ ಕಿಣ್ವ ಕೆಲಸ ಮಾಡುತ್ತದೆ. ದೇಹದ ಹೆಚ್ಚಿನ ಜೀವಕೋಶಗಳಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಕ್ಯಾನ್ಸರ್‌ಗಳಲ್ಲಿಯಾದರೋ ಹತ್ತರಲ್ಲಿ ಎಂಟು ಒಂಬತ್ತರಲ್ಲಿ ಅದು ಎಚ್ಚೆತ್ತಿರುತ್ತದೆ. ತುದಿಗಳನ್ನು ಬೆಳೆಸಿ ಯೌವನ ಮರಳಿಸುತ್ತೇವೆಂಬ ಜಾಹೀರಾತುಗಳನ್ನು ಕಂಡಾಗ ಇದನ್ನು ನೆನಪಿಡುವುದು ಒಳಿತು.

ಎರಡು ತಪ್ಪು ತಿಳಿವಳಿಕೆಗಳು

ಜನರಲ್ಲಿ ರೂಢಿಯಾಗಿರುವ ಎರಡು ತಪ್ಪು ತಿಳಿವಳಿಕೆಗಳನ್ನು ಹೇಳಿ ಮುಗಿಸುತ್ತೇವೆ. ಮೊದಲನೆಯದು, ಜೋಡಿ ಎಳೆಗಳಲ್ಲಿ ಒಂದು ತಂದೆಯದು, ಒಂದು ತಾಯಿಯದು ಎಂಬುದು. ಇದು ಸರಿಯಲ್ಲ. ತಂದೆಯಿಂದ ೨೩, ತಾಯಿಯಿಂದ ೨೩ ವರ್ಣತಂತುಗಳು ಬರುತ್ತವೆ; ಪ್ರತಿಯೊಂದು ವರ್ಣತಂತುವಿನಲ್ಲಿಯೂ ಎರಡೆಳೆಗಳ ಪೂರ್ತಿ ಜೋಡಿ ಇರುತ್ತದೆ. ಜೋಡಿಯೊಳಗಿನ ಎರಡೆಳೆಗಳ ಸಂಬಂಧ ಬೇರೆ: ನಕಲಾದ ಬಳಿಕ ಒಂದು ಹಳೆಯದು, ಇನ್ನೊಂದು ಅದನ್ನು ನೋಡಿ ಬರೆದ ಹೊಸದು. ಇದನ್ನು ೧೯೫೮ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಸಿದ್ಧಪಡಿಸಿ ತೋರಿಸಿದರು. ಮಗುವಿನ ಕಾಯಿಲೆಗೆ ‘ತಾಯಿಯ ಎಳೆ’ ಕಾರಣವೆಂದು ಸೊಸೆಯನ್ನು ದೂರುವ ಮಾತಿಗೆ ವಿಜ್ಞಾನದಲ್ಲಿ ಆಧಾರವಿಲ್ಲ.

ಎರಡನೆಯದು ಚಿತ್ರಗಳದು. ನಮ್ಮ ದೇಹದಲ್ಲಿರುವ ಡಿ.ಎನ್.ಎ. ಸಾಮಾನ್ಯವಾಗಿ ಬಲಮುರಿ. ಎಡಮುರಿ ರೂಪವೊಂದು ೧೯೭೯ರಲ್ಲಿ ಕಂಡುಬಂದಿದೆಯಾದರೂ ಅದು ವಿಶೇಷ ಸಂದರ್ಭಗಳದು. ಆದರೆ ಪುಸ್ತಕ, ಫಲಕ, ಜಾಹೀರಾತುಗಳಲ್ಲಿ ಎಡಮುರಿ ಚಿತ್ರಗಳು ಎಷ್ಟೋ ಬಾರಿ ಅಚ್ಚಾಗುತ್ತವೆ. ಗುರುತಿಸುವುದು ಸುಲಭ. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿದಂತೆ ಹಿಡಿದು, ನಮ್ಮ ಕಡೆಗಿರುವ ಎಳೆಯನ್ನು ನೋಡಬೇಕು. ಅದು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರುತ್ತಿದ್ದರೆ ಬಲಮುರಿ. ಚಿತ್ರವನ್ನು ತಲೆಕೆಳಗಾಗಿ ಹಿಡಿದರೂ ಇದು ಬದಲಾಗದು. ಮಕ್ಕಳಿಗೆ ಇದೊಂದು ಒಳ್ಳೆಯ ಆಟವಾಗಬಲ್ಲುದು.

ಇನ್ನು ಮುಂದೆ ಮನೆಯ ಮಗ ಅಥವಾ ಮಗಳು ‘ಪ್ರತಿಸಮಾಂತರ’ ಎಂಬ ಪದವನ್ನು ಕಂಠಪಾಠ ಮಾಡುತ್ತಿರುವುದು ಕಿವಿಗೆ ಬಿದ್ದರೆ, ತಂದೆತಾಯಿಗಳು ಹತ್ತಿರ ಕುಳಿತು ಒಂದೇ ಒಂದು ಪ್ರಶ್ನೆ ಕೇಳಲಿ: “ಹೊಸ ಅಕ್ಷರ ಯಾವ ತುದಿಗೆ ಸೇರುತ್ತದೆ, ಏಕೆ?” ಉತ್ತರ ಬಾರದಿದ್ದರೆ ಅಂಗಳದಲ್ಲಿ ನಾಲ್ಕಾರು ಮಕ್ಕಳನ್ನು ಕೂಡಿಸಿ ರೈಲಾಟ ಆಡಿಸಲಿ. ಒಂದು ಸಾಲಿನ ಮುಖ ಮೂಡಣಕ್ಕಿರಲಿ, ಇನ್ನೊಂದರ ಮುಖ ಪಡುವಣಕ್ಕಿರಲಿ. ಬರಿಯ ಹೆಗಲು ಯಾವ ತುದಿಯಲ್ಲಿದೆಯೆಂದು ಮಗು ತಾನೇ ಕಂಡುಕೊಂಡ ದಿನ, ಆ ಪದ ಪರೀಕ್ಷೆ ಮುಗಿದ ಮೇಲೂ ಅದರಲ್ಲಿ ಉಳಿದಿರುತ್ತದೆ.